ಮಹಾಂತಪ್ಪನವರ ಬ್ಯಾಂಡು

ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ನಿಂತು ‘ಮಹಾಂತಪ್ಪಾ’ ಎಂದು ಜೋರಾಗಿ ಕೂಗಿದರೆ ನಾಲ್ಕು ಜನವಾದರೂ ತಿರುಗಿ ನೋಡಿಯಾರು. ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರಕ್ಕೆ ಹೋದರೆ, ಅಲ್ಲಿ ಕೆಂಪು ಬಾಳೆಗೊನೆ ಇಳಿಸುತ್ತಿರುವವರಲ್ಲೂ ಒಬ್ಬ ಮಹಾಂತಪ್ಪ ಇದ್ದೇ ಇರುತ್ತಾನೆ. ಶರಣರ ನಾಡಿನ ಈ ಅಪ್ಪಟ ಹೆಸರು ನ್ಯೂಯಾರ್ಕಿನ ಜಾಝ್ ವೇದಿಕೆಗಳ ಪೋಸ್ಟರ್‌ಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲದಿಂದ ಅಚ್ಚಾಗುತ್ತಿದೆ: ರುದ್ರೇಶ್ ಮಹಾಂತಪ್ಪ. ಕರ್ನಾಟಕದಿಂದ ವಲಸೆ ಹೋದ ಕನ್ನಡ ಕುಟುಂಬದ ಮಗ. ಆಲ್ಟೊ ಸ್ಯಾಕ್ಸೋಫೋನ್ ವಾದಕ, ಸಂಯೋಜಕ, ಎಲ್ಲಕ್ಕಿಂತ ಮಿಗಿಲಾಗಿ ಬ್ಯಾಂಡ್ ಕಟ್ಟುವ ಮನುಷ್ಯ.

ಜಾಝ್ ಎಂದರೆ ನಮಗೇನು ಸಂಬಂಧ ಎಂದು ಪುಟ ತಿರುವುವ ಮೊದಲು ಒಂದು ಲಗ್ನದ ಮೆರವಣಿಗೆಯನ್ನು ನೆನೆಸಿಕೊಳ್ಳಬಹುದು. ಬೇಸಿಗೆ, ರಾತ್ರಿ ಒಂಬತ್ತರ ಹೊತ್ತು. ಹಿಂದೆ ಟಂಟಂ ಮೇಲೆ ಜನರೇಟರ್ ಗುಡುಗುಡು ಎನ್ನುತ್ತಿರುತ್ತದೆ. ಅದರ ವೈರಿಗೆ ಕಟ್ಟಿಹಾಕಿದಂತೆ ದೀಪ ಹೊತ್ತವರು ಎರಡು ಸಾಲಾಗಿ ನಡೆಯುತ್ತಾರೆ. ನಡುವೆ ಕೆಂಪು ಕೋಟಿನ ಬ್ಯಾಂಡಿನವರು. ಎಲ್ಲರಿಗಿಂತ ಮುಂದೆ ಕ್ಲಾರಿನೆಟ್ಟೋ ಟ್ರಂಪೆಟ್ಟೋ ಹಿಡಿದ ಮಾಸ್ಟರ್. ಮದುಮಗನ ಗೆಳೆಯ ಬೆವರು ಒರೆಸಿಕೊಂಡು ಬಂದು ‘ಮಾಸ್ತರ್ರೇ, ನಾಗಿನ್ ಬಾರಸ್ರಿ’ ಅನ್ನುತ್ತಾನೆ. ಮಾಸ್ಟರ್ ಬಾಯಿಂದ ವಾದ್ಯ ತೆಗೆಯುವುದಿಲ್ಲ. ಹುಬ್ಬು ಒಂದಿಷ್ಟು ಏರುತ್ತದೆ, ಭುಜ ಕುಣಿಯುತ್ತದೆ, ಅಷ್ಟೇ. ಹಿಂದಿನ ಢೋಲು ತಾಳ ಬದಲಿಸುತ್ತದೆ, ಇಡೀ ತಂಡ ಹೊರಳಿಕೊಂಡು ಹೊಸ ಹಾಡಿಗೆ ಬೀಳುತ್ತದೆ. ಯಾರ ಮುಂದೆಯೂ ನೊಟೇಶನ್ ಹಾಳೆ ಇರುವುದಿಲ್ಲ.

ಅಮೆರಿಕದಲ್ಲಿ 1930ರ ದಶಕದ ಬ್ಯಾಂಡ್ ಮಾಸ್ಟರುಗಳು ಮಾಡುತ್ತಿದ್ದ ಕೆಲಸವೂ ಹೆಚ್ಚುಕಡಿಮೆ ಇದೇ. ಆಗ ಅಲ್ಲಿ ‘ಸ್ವಿಂಗ್’ ಎಂಬ ಕುಣಿತದ ಜಾಝ್ ಹುಚ್ಚು ಹಿಡಿಸಿತ್ತು. ಒಂದು ತಂಡದಲ್ಲಿ ಹದಿನೈದರ ಆಸುಪಾಸು ಮಂದಿ: ನಾಲ್ಕೈದು ಸ್ಯಾಕ್ಸೋಫೋನುಗಳ ಒಂದು ಸಾಲು, ಮೂರ್ನಾಲ್ಕು ಟ್ರಂಪೆಟ್, ಅವುಗಳ ಪಕ್ಕ ಟ್ರಾಂಬೋನ್, ಕೆಳಗೆ ಲಯ ಹಿಡಿಯಲು ಪಿಯಾನೊ, ಗಿಟಾರ್, ಡಬಲ್ ಬೇಸ್, ಡ್ರಮ್. ಒಂದು ಸಾಲು ಪ್ರಶ್ನೆ ಕೇಳಿದರೆ ಇನ್ನೊಂದು ಸಾಲು ಉತ್ತರ ಕೊಡಬೇಕು. ಕಾನ್ಸಾಸ್ ಸಿಟಿಯ ಕೌಂಟ್ ಬೇಸಿಯ ತಂಡದಲ್ಲಂತೂ ಎಷ್ಟೋ ಹಾಡುಗಳು ಕಾಗದಕ್ಕೆ ಇಳಿಯದೆ ತಲೆಯಲ್ಲೇ ಕಟ್ಟಿಕೊಂಡವು. ಒಬ್ಬ ಒಂದು ತುಣುಕು ನುಡಿಸಿದ, ಪಕ್ಕದವ ಅದನ್ನೇ ಹಿಡಿದ, ಮೂರನೆಯವ ಅಡ್ಡ ಬಾರಿಸಿದ, ಹಾಡು ತಯಾರಾಯಿತು. ಇನ್ನು ಸ್ವಿಂಗಿನ ಲಯ. ಒಂದು ಮಾತ್ರೆಯನ್ನು ಸರಿಯಾಗಿ ಎರಡಾಗಿ ಒಡೆಯದೆ, ಮೊದಲ ಪಾಲನ್ನು ಸ್ವಲ್ಪ ಎಳೆದು ಎರಡನೆಯದನ್ನು ಚುಟುಕು ಮಾಡುವುದು ಅದರ ಗುಟ್ಟು. ಟಾಂಗಾದ ಕುದುರೆ ಖಾಲಿ ರಸ್ತೆಯಲ್ಲಿ ಲಹರಿಗೆ ಬಿದ್ದಾಗ ಕೇಳುವ ಗೊರಸಿನ ಸದ್ದು ಇದಕ್ಕೆ ಹತ್ತಿರ.

1935ರ ಆಗಸ್ಟ್ 21ರಂದು ಲಾಸ್ ಏಂಜಲೀಸಿನ ಪಲೋಮಾರ್ ನೃತ್ಯಶಾಲೆಯಲ್ಲಿ ಬೆನ್ನಿ ಗುಡ್‌ಮನ್ ತಂಡ ನುಡಿಸಿದ ರಾತ್ರಿಯನ್ನು ಸ್ವಿಂಗ್ ಯುಗದ ಆರಂಭವೆಂದು ಗುರುತಿಸುವ ರೂಢಿ ಇದೆ. ಊರೂರು ಸುತ್ತಿ ಸೋತು ಸುಣ್ಣವಾಗಿದ್ದ ತಂಡ ಅಲ್ಲಿ ಒಮ್ಮೆಲೇ ಗೆದ್ದಿತು. ಮೂರು ವರ್ಷದೊಳಗೆ, 1938ರ ಜನವರಿ 16ರಂದು, ಅದೇ ಗುಡ್‌ಮನ್ ನ್ಯೂಯಾರ್ಕಿನ ಕಾರ್ನೆಗಿ ಹಾಲ್ ಹತ್ತಿದರು. ಶಾಸ್ತ್ರೀಯ ಸಂಗೀತದ ಆ ಗುಡಿಯಲ್ಲಿ ಕುಣಿತದ ಬ್ಯಾಂಡು! ಡ್ಯೂಕ್ ಎಲಿಂಗ್ಟನ್, ಬೇಸಿ, ಗುಡ್‌ಮನ್‌ರಂಥವರು ಆ ಹತ್ತು ವರ್ಷ ಸಿನಿಮಾ ನಟರಷ್ಟೇ ಹೆಸರುವಾಸಿಯಾಗಿದ್ದರು. ಆದರೆ ಹದಿನೈದು ಜನರಿಗೆ ಸಂಬಳ, ಬಸ್ಸು, ಊಟ, ವಸತಿ ಹೊಂದಿಸುವುದು ಹುಡುಗಾಟವಲ್ಲ. ಎರಡನೇ ಮಹಾಯುದ್ಧ ಬಂದು ವಾದಕರನ್ನು ಸೇನೆಗೆ ಎಳೆದೊಯ್ದಿತು. 1942ರಲ್ಲಿ ವಾದಕರ ಸಂಘ ಧ್ವನಿಮುದ್ರಣ ಕಂಪನಿಗಳ ವಿರುದ್ಧ ಮುಷ್ಕರ ಹೂಡಿತು. 1944ರಲ್ಲಿ ಸರ್ಕಾರ ಕುಣಿತದ ಜಾಗಗಳ ಮೇಲೆ ಶೇ 30ರಷ್ಟು ತೆರಿಗೆ ಹಾಕಿತು. ದೊಡ್ಡ ಬ್ಯಾಂಡುಗಳು ಒಂದೊಂದಾಗಿ ಮುಚ್ಚಿದವು. ನಾಲ್ಕೈದು ಜನರ ಸಣ್ಣ ತಂಡಗಳು ಉಳಿದವು. ಅಂಥ ತಂಡಗಳಲ್ಲಿ ಜಾಝ್‌ನ ದಿಕ್ಕನ್ನೇ ತಿರುಗಿಸಿದ ಹುಡುಗನ ಹೆಸರು ಚಾರ್ಲಿ ಪಾರ್ಕರ್. ಅವನೂ ಕಾನ್ಸಾಸ್ ಸಿಟಿಯ ಸ್ವಿಂಗ್ ಗರಡಿಯಲ್ಲಿ, ಜೇ ಮ್ಯಾಕ್‌ಶಾನ್ ಎಂಬ ಬ್ಯಾಂಡ್ ಮಾಸ್ಟರ್ ಕೈಕೆಳಗೆ ಪಳಗಿದವನೇ. ಗೆಳೆಯರು ಅವನನ್ನು ‘ಬರ್ಡ್’ ಎನ್ನುತ್ತಿದ್ದರು. ಈ ಹಕ್ಕಿ ಮುಂದೆ ನಮ್ಮ ಕಥೆಯಲ್ಲಿ ಮತ್ತೆ ಹಾರಿಬರುತ್ತದೆ.

ಸ್ವಿಂಗ್ ಕಲಬುರಗಿಗೂ ಬಂದಿತ್ತು, ಆದರೆ ಹೆಸರು ಮರೆಸಿಕೊಂಡು. 1935ರಲ್ಲಿ ಲಿಯಾನ್ ಆ್ಯಬೆ ಎಂಬ ಕಪ್ಪು ಅಮೆರಿಕನ್ ಪಿಟೀಲು ವಾದಕ ತನ್ನ ತಂಡದೊಡನೆ ಮುಂಬೈಯ ತಾಜ್ ಹೋಟೆಲಿಗೆ ಬಂದ. ಅವನ ಹಿಂದೆಯೇ ಪಿಯಾನೊ ವಾದಕ ಟೆಡ್ಡಿ ವೆದರ್‌ಫರ್ಡ್. ಆತ ಕೊನೆಗೆ ಕಲ್ಕತ್ತದಲ್ಲೇ ನೆಲೆಸಿ 1945ರಲ್ಲಿ ಕಾಲರಾಕ್ಕೆ ಬಲಿಯಾದ. ಇಂಥವರಿಂದ ಕಲಿತ ಗೋವಾದ ಹುಡುಗರಲ್ಲಿ ಆಲ್ಡೋನಾ ಊರಿನ ಆಂಟೋನಿಯೊ ಷಾವಿಯರ್ ವಾಜ್ ಒಬ್ಬ. ಟ್ರಂಪೆಟ್ ಊದುತ್ತಿದ್ದ ಆತ ಚಿಕ್ ಚಾಕಲೇಟ್ ಎಂಬ ಹೆಸರಿನಲ್ಲಿ ಸ್ವಂತ ಬ್ಯಾಂಡ್ ಕಟ್ಟಿದ. ಹಿಂದಿ ಚಿತ್ರಸಂಗೀತಕಾರ ಸಿ. ರಾಮಚಂದ್ರ ಅವನನ್ನು ಸ್ಟುಡಿಯೊಗೆ ಕರೆತಂದರು. ‘ಶೋಲಾ ಜೊ ಭಡಕೆ’ ಹಾಡು ಇರುವ 1951ರ ‘ಅಲ್ಬೇಲಾ’ ಚಿತ್ರದಲ್ಲಿ ಅವನ ತಂಡ ತೆರೆಯ ಮೇಲೇ ಕಾಣುತ್ತದೆ. ಕಲಬುರಗಿ ಮುಂಬೈ–ಮದ್ರಾಸ್ ರೈಲುಹಾದಿಯ ಊರು. ಹಿಂದಿ ಸಿನಿಮಾ ಇಲ್ಲಿ ಎಂದೂ ಪರಕೀಯವಾಗಿರಲಿಲ್ಲ. ಥಿಯೇಟರಿನಿಂದ ಹಾಡು ಲಗ್ನದ ಬ್ಯಾಂಡಿಗೆ ಇಳಿಯಿತು. ಭಜಂತ್ರಿಯವರ ಸನಾದಿ, ಹಲಗಿ ಇದ್ದ ಕಡೆ ಟ್ರಂಪೆಟ್ಟು, ಸೈಡ್ ಡ್ರಮ್ಮು ಬಂದವು. ಹಾಡಿನ ಜೊತೆಗೆ ಅಮೆರಿಕದ ಆ ಎಳೆದು ಬಿಡುವ ಲಯವೂ ಒಂದಿಷ್ಟು ಬಂತು.

ಇಷ್ಟು ಹಿನ್ನೆಲೆ ಇಟ್ಟುಕೊಂಡು ರುದ್ರೇಶರ ಕಡೆ ಹೊರಳೋಣ.

ಹುಟ್ಟಿದ್ದು 1971ರಲ್ಲಿ, ಇಟಲಿಯ ತ್ರಿಯೆಸ್ತೆಯಲ್ಲಿ. ಬೆಳೆದದ್ದು ಅಮೆರಿಕದ ಕೊಲರಾಡೊ ರಾಜ್ಯದ ಬೌಲ್ಡರ್ ಎಂಬ ಬೆಟ್ಟದಡಿಯ ಊರಿನಲ್ಲಿ. ತಂದೆ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕರಾಗಿದ್ದರು. ಆ ಊರಲ್ಲಿ ಆಗ ಭಾರತೀಯ ಮನೆಗಳೇ ಕಡಿಮೆ. ಮನೆಯಲ್ಲಿ ಸಂಗೀತದ ಪರಂಪರೆಯೇನೂ ಇರಲಿಲ್ಲ. ಶಾಲೆಯಲ್ಲಿ ವಾದ್ಯ ಆರಿಸಿಕೊಳ್ಳಿ ಎಂದಾಗ ಹುಡುಗ ಸ್ಯಾಕ್ಸೋಫೋನ್ ಹಿಡಿದ. ಮೊದಲು ಕಿವಿಗೆ ಬಿದ್ದದ್ದು ಗ್ರೋವರ್ ವಾಷಿಂಗ್ಟನ್, ಡೇವಿಡ್ ಸ್ಯಾನ್‌ಬೋರ್ನ್‌ರಂಥವರ ರೇಡಿಯೊ ಸಂಗೀತ. ಆಮೇಲೆ ಚಾರ್ಲಿ ಪಾರ್ಕರ್‌ನ ಒಂದು ರೆಕಾರ್ಡು ಕೈಗೆ ಬಂತು. ಅಲ್ಲಿಂದ ಬೇರೆ ದಾರಿ ಉಳಿಯಲಿಲ್ಲ. ಬೋಸ್ಟನ್ನಿನ ಬರ್ಕ್‌ಲಿ ಸಂಗೀತ ಕಾಲೇಜಿನಲ್ಲಿ ಪದವಿ, ಶಿಕಾಗೊದ ಡಿಪಾಲ್ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಓದು, 1990ರ ದಶಕದ ಕೊನೆಗೆ ನ್ಯೂಯಾರ್ಕ್. ಇಂಜಿನಿಯರಿಂಗ್, ಮೆಡಿಕಲ್ ಬಿಟ್ಟರೆ ಮೂರನೆಯ ಲೋಕವೇ ಇಲ್ಲ ಎಂದು ನಂಬಿದ್ದ ವಲಸಿಗ ಪೀಳಿಗೆಯ ನಡುವೆ ಇದು ಸಣ್ಣ ಧೈರ್ಯವೇನಲ್ಲ.

ಆದರೆ ಮೈಬಣ್ಣ, ಹೆಸರು ಎರಡೂ ಬೆನ್ನು ಬಿಡಬೇಕಲ್ಲ. ಮಹಾಂತಪ್ಪ ಎಂಬ ಹೆಸರಿನವನು ಸ್ಯಾಕ್ಸೋಫೋನ್ ಊದಿದರೆ ಅದರಲ್ಲಿ ಭಾರತ ಎಲ್ಲಿದೆ ಎಂದು ಅಮೆರಿಕದ ಕೇಳುಗರು ಹುಡುಕುತ್ತಿದ್ದರು. ಅವರಿಗೋ ಭಾರತೀಯ ಸಂಗೀತ ಅಷ್ಟಾಗಿ ಗೊತ್ತೇ ಇರಲಿಲ್ಲ. ಹೀಗಿರುವಾಗ ಅಣ್ಣ ತಮಾಷೆಗೆಂದು ಒಂದು ಸಿ.ಡಿ. ಕೊಟ್ಟರು. ಅದರ ಮೇಲೆ ‘ಸ್ಯಾಕ್ಸೋಫೋನ್ ಇಂಡಿಯನ್ ಸ್ಟೈಲ್’ ಎಂದಿತ್ತು. ವಾದಕ: ಕದ್ರಿ ಗೋಪಾಲನಾಥ್.

ತಮಾಷೆಯಾಗಿ ಬಂದದ್ದು ಕೇಳಿದ ಮೇಲೆ ತಮಾಷೆಯಾಗಿ ಉಳಿಯಲಿಲ್ಲ.

ಗೋಪಾಲನಾಥರ ಕಥೆ ಕನ್ನಡಿಗರಿಗೆ ಹೊಸದಲ್ಲ, ಆದರೂ ಅದರ ಒಂದು ತಿರುವನ್ನು ಇಲ್ಲಿ ಹೇಳಲೇಬೇಕು. ಬಂಟ್ವಾಳ ತಾಲ್ಲೂಕಿನ ಸಜಿಪಮೂಡದಲ್ಲಿ 1949ರಲ್ಲಿ ಹುಟ್ಟಿದವರು. ತಂದೆ ತನಿಯಪ್ಪ ನಾಗಸ್ವರ ವಿದ್ವಾಂಸರು. ಮಗನೂ ನಾಗಸ್ವರ ಊದಿಕೊಂಡು ದೇವಸ್ಥಾನದ ಸೇವೆಯಲ್ಲಿ ಇರಬೇಕಾದವನು. ಆದರೆ ಹುಡುಗನಾಗಿದ್ದಾಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕಂಡ. ಒಡೆಯರು ದರ್ಬಾರಿಗೂ ದಸರೆಗೂ ಪಾಶ್ಚಾತ್ಯ ವಾದ್ಯಗಳ ಬ್ಯಾಂಡ್ ಸಾಕಿದ್ದರು. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ ಪ್ಯಾರಿಸ್ಸಿನಲ್ಲಿ 1846ರಲ್ಲಿ ಪೇಟೆಂಟ್ ಪಡೆದ ಆ ವಾದ್ಯ ಮೊದಲು ಸೇರಿದ್ದೂ ಮಿಲಿಟರಿ ಬ್ಯಾಂಡುಗಳಿಗೆ. ಅಂದರೆ ಮೈಸೂರಿನ ಅರಮನೆಯಲ್ಲೂ ಸ್ವಿಂಗ್ ತಂಡದಲ್ಲೂ ಇದ್ದದ್ದು ಅದೇ ಸ್ಯಾಕ್ಸೋಫೋನ್, ಊದುವ ಸಂಗೀತ ಮಾತ್ರ ಬೇರೆ.

ಹುಡುಗ ಆ ಹಿತ್ತಾಳೆಯ ಕೊಳವೆಯಲ್ಲಿ ತೋಡಿ, ಕಲ್ಯಾಣಿ ಊದಲು ಹೊರಟ. ಇಲ್ಲೇ ತೊಡಕು. ನಾಗಸ್ವರದ ತೂತಿನ ಮೇಲೆ ಬೆರಳಿಟ್ಟು ಅರ್ಧ ಸರಿಸಿದರೆ ಸ್ವರ ಜಾರುತ್ತದೆ, ಗಮಕ ತಾನಾಗಿ ಹುಟ್ಟುತ್ತದೆ. ಸ್ಯಾಕ್ಸೋಫೋನಿನ ತೂತುಗಳ ಮೇಲೆ ಮುಚ್ಚಳಗಳಿವೆ. ಕೀಲಿ ಒತ್ತಿದರೆ ಮುಚ್ಚಳ ಬೀಳುತ್ತದೆ, ಬಿಟ್ಟರೆ ಏಳುತ್ತದೆ. ಮೆಟ್ಟಿಲು ಹತ್ತಬಹುದೇ ವಿನಾ ಜಾರುವಂತಿಲ್ಲ. ಗೋಪಾಲನಾಥರು ವಾದ್ಯದ ರಚನೆಯನ್ನೇ ಒಂದಿಷ್ಟು ಬದಲಿಸಿಕೊಂಡರು. ಉಳಿದದ್ದನ್ನು ತುಟಿಯ ಬಿಗಿ, ಉಸಿರಿನ ಒತ್ತಡದಿಂದ ಸಾಧಿಸಿದರು. ಮಂಗಳೂರಿನ ಕಲಾನಿಕೇತನದ ಎನ್. ಗೋಪಾಲಕೃಷ್ಣ ಅಯ್ಯರ್, ಆಮೇಲೆ ಮದ್ರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರಿಗೆ ಗುರುಗಳು. 1980ರಲ್ಲಿ ಮುಂಬೈಯ ಜಾಝ್ ಉತ್ಸವದಲ್ಲಿ ಅವರ ವಾದನ ಕೇಳಿದ ಅಮೆರಿಕದ ಸ್ಯಾಕ್ಸೋಫೋನ್ ವಾದಕ ಜಾನ್ ಹ್ಯಾಂಡಿ ತಾವೂ ವೇದಿಕೆಗೆ ಬಂದು ಜೊತೆಗೂಡಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಬಿ.ಬಿ.ಸಿ.ಯ ಪ್ರೊಮೆನೇಡ್ ಕಛೇರಿ, ಅದೇ ವರ್ಷ ಎ.ಆರ್. ರೆಹಮಾನ್ ಸಂಗೀತದ ‘ಡ್ಯುಯೆಟ್’ ಚಿತ್ರ, 2004ರಲ್ಲಿ ಪದ್ಮಶ್ರೀ. ಕರಾವಳಿಯ ಜಾತ್ರೆ, ನೇಮ, ಮದುವೆಗಳಲ್ಲಿ ಇಂದು ನಾಗಸ್ವರಕ್ಕಿಂತ ಸ್ಯಾಕ್ಸೋಫೋನೇ ಹೆಚ್ಚು ಕೇಳಿಸುತ್ತದೆ ಎಂದರೆ ಅದರಲ್ಲಿ ಈ ಒಬ್ಬ ಮನುಷ್ಯನ ಪಾಲು ದೊಡ್ಡದು.

ರುದ್ರೇಶ್ ಕೇಳಿದ್ದು ಇಂಥವರನ್ನು. ಹಾಗೆಂದು ಮಾರನೆಯ ದಿನವೇ ಹೋಗಿ ಕಾಲಿಗೆ ಬೀಳಲಿಲ್ಲ. ಅದಕ್ಕೂ ಮುನ್ನ ಅವರು ತಮ್ಮದೇ ರೀತಿಯಲ್ಲಿ ಒಂದು ಲೆಕ್ಕ ತೀರಿಸಬೇಕಿತ್ತು.

‘ನೀನು ಇಂಡಿಯನ್ ಭಾಷೆ ಮಾತಾಡ್ತೀಯಾ?’ ಅಮೆರಿಕದಲ್ಲಿ ಬೆಳೆದ ಭಾರತೀಯ ಮಕ್ಕಳೆಲ್ಲ ಎದುರಿಸಿದ ಪ್ರಶ್ನೆ ಇದು. ರುದ್ರೇಶ್ ಅದನ್ನೇ ಬಂಡವಾಳ ಮಾಡಿಕೊಂಡರು. ಬೇರೆ ಬೇರೆ ಭಾಷೆಯ ಭಾರತೀಯ ಅಮೆರಿಕನ್ನರಿಗೆ ಈ ಪ್ರಶ್ನೆ ಹಾಕಿ, ಅವರವರ ಮಾತಿನಲ್ಲೇ ಉತ್ತರ ಹೇಳಿಸಿ ರೆಕಾರ್ಡ್ ಮಾಡಿದರು. ಆ ಮಾತಿನ ಏರಿಳಿತ, ಎಲ್ಲಿ ನಿಲುಗಡೆ, ಎಲ್ಲಿ ಒತ್ತು ಎಂಬುದನ್ನು ಸ್ವರಕ್ಕೆ ಇಳಿಸಿ, ಅದರ ಮೇಲೆ ಹಾಡು ಕಟ್ಟಿದರು. 2004ರಲ್ಲಿ ಬಂದ ಆ ಆಲ್ಬಂ ಹೆಸರು ‘ಮದರ್ ಟಂಗ್’. ಅದರಲ್ಲಿ ‘ತೆಲುಗು’, ‘ತಮಿಳು’, ‘ಗುಜರಾತಿ’, ‘ಕೊಂಕಣಿ’, ‘ಮಲಯಾಳಂ’ ಎಂಬ ಹಾಡುಗಳಿವೆ. ‘ಕನ್ನಡ’ ಎಂಬುದೂ ಇದೆ. ಸಾಹಿತ್ಯ ಇಲ್ಲ, ಪದ ಇಲ್ಲ. ಮಾತಿನ ರಾಗವನ್ನು ಮಾತ್ರ ಸ್ಯಾಕ್ಸೋಫೋನ್ ಹಿಡಿದಿದೆ. ರಾಜ್ಯೋತ್ಸವದ ಭಾಷಣಗಳಲ್ಲಿ ಈ ಹಾಡಿನ ಸುದ್ದಿ ಬರುವುದಿಲ್ಲ. ಜಾಗತಿಕ ಕನ್ನಡದ ಪಟ್ಟಿ ಮಾಡುವವರು ಇದನ್ನೂ ಒಮ್ಮೆ ಕೇಳಬಹುದಿತ್ತು.

ಮುಂದಿನ ‘ಕೋಡ್‌ಬುಕ್’ 2006ರಲ್ಲಿ ಬಂತು. ಗುಪ್ತಲಿಪಿ, ಸಂಕೇತಗಳ ಗಣಿತವನ್ನು ಸಂಗೀತವಾಗಿಸುವ ಪ್ರಯತ್ನ ಅದು. ವಿಜ್ಞಾನಿಯ ಮಗನೆಂಬುದು ಅಲ್ಲಿ ಚೆನ್ನಾಗಿ ತಿಳಿಯುತ್ತದೆ. ಕೆಲವು ಕಡೆ ಬುದ್ಧಿ ಮುಂದಾಗಿ ಕಿವಿ ಹಿಂದೆ ಬೀಳುವುದೂ ಉಂಟು. ಪಿಯಾನೊ ವಾದಕ ವಿಜಯ್ ಅಯ್ಯರ್ ಜೊತೆಗಿನ ಗೆಳೆತನ ಇದೇ ಕಾಲದ್ದು. ಒಬ್ಬರ ಬ್ಯಾಂಡಿನಲ್ಲಿ ಇನ್ನೊಬ್ಬರು ಎಂದು ಇಬ್ಬರೂ ವರ್ಷಗಟ್ಟಲೆ ನುಡಿಸಿದರು. 2007ರಲ್ಲಿ ರುದ್ರೇಶರಿಗೆ ಗಗೆನ್‌ಹೈಮ್ ಫೆಲೋಶಿಪ್ ಸಿಕ್ಕಿತು.

ಕೊನೆಗೂ ಕದ್ರಿ ಮತ್ತು ಬೌಲ್ಡರ್ ಒಂದೇ ವೇದಿಕೆಗೆ ಬಂದವು. 2008ರ ‘ಕಿನ್ಸ್‌ಮೆನ್’ ರುದ್ರೇಶರ ಹೆಸರನ್ನು ಜಾಝ್ ಜಗತ್ತಿನ ಮುಂಚೂಣಿಗೆ ತಂದ ಆಲ್ಬಂ. ಬಂಧುಗಳು, ದಾಯಾದಿಗಳು ಎನ್ನುವ ಹೆಸರು. ತಂಡದ ಹೆಸರು ದಕ್ಷಿಣ ಎನ್‌ಸೆಂಬಲ್. ಒಂದು ಕಡೆ ಗೋಪಾಲನಾಥ್, ಪಿಟೀಲಿನಲ್ಲಿ ಎ. ಕನ್ಯಾಕುಮಾರಿ, ಮೃದಂಗದಲ್ಲಿ ಪೂವಲೂರು ಶ್ರೀಜಿ. ಇನ್ನೊಂದು ಕಡೆ ರುದ್ರೇಶ್, ಗಿಟಾರಿಗೆ ಪಾಕಿಸ್ತಾನದಲ್ಲಿ ಹುಟ್ಟಿದ ರೆಝ್ ಅಬ್ಬಾಸಿ, ಬೇಸ್‌ಗೆ ಕಾರ್ಲೊ ಡಿ ರೋಸಾ, ಡ್ರಮ್ಮಿಗೆ ರಾಯಲ್ ಹಾರ್ಟಿಗನ್.

ಇಲ್ಲಿ ಬ್ಯಾಂಡ್ ಮಾಸ್ಟರ್‌ನ ಕಷ್ಟ ಸ್ವಲ್ಪ ವಿವರಿಸಬೇಕು. ಜಾಝ್‌ನಲ್ಲಿ ರಾಗದ ಕೆಳಗೆ ಸ್ವರಗುಚ್ಛಗಳು ಬದಲಾಗುತ್ತ ಹೋಗುತ್ತವೆ. ವಾದಕ ಆ ಬದಲಾವಣೆಯ ಮೇಲೆ ತನ್ನ ಕಲ್ಪನೆ ಹೆಣೆಯುತ್ತಾನೆ. ಕರ್ನಾಟಕ ಸಂಗೀತದಲ್ಲಿ ಷಡ್ಜ ಅಲುಗಾಡುವುದಿಲ್ಲ. ಶ್ರುತಿ ಒಮ್ಮೆ ನಿಂತರೆ ಕಛೇರಿ ಮುಗಿಯುವ ತನಕ ನಿಂತಿತು. ಕೆಳಗಿನ ನೆಲ ಸರಿಯುತ್ತ ಹೋದರೆ ಗೋಪಾಲನಾಥರ ರಾಗ ಕೆಡುತ್ತದೆ. ನೆಲ ಅಲುಗದೆ ಇದ್ದರೆ ಜಾಝ್ ವಾದಕರು ಬೇಸರದಿಂದ ಒಣಗುತ್ತಾರೆ. ರುದ್ರೇಶ್ ಎರಡೂ ಬಣಕ್ಕೆ ಅವರವರ ಜಾಗ ಬಿಟ್ಟುಕೊಟ್ಟು ನಡುವೆ ಸಂಯೋಜನೆಯ ಸೇತುವೆ ಹಾಕಿದರು. ಆಲ್ಬಂನಲ್ಲಿ ವಾದಕರಿಗೆ ಪ್ರತ್ಯೇಕ ಸಣ್ಣ ಆಲಾಪಗಳಿವೆ. ಅವು ಮುಗಿದೊಡನೆ ಇಡೀ ತಂಡ ಧುಮುಕುತ್ತದೆ. ‘ಗಣೇಶ’ ಎಂಬ ಕೃತಿಯಲ್ಲಿ ಎರಡು ಸ್ಯಾಕ್ಸೋಫೋನುಗಳು ಒಂದೇ ಧಾಟಿಯನ್ನು ಒಟ್ಟಿಗೆ ಊದುವಾಗ ಗಮನವಿಟ್ಟು ಕೇಳಬೇಕು. ಒಂದು ವಾದ್ಯ ಸ್ವರವನ್ನು ನೇರ ಚುಚ್ಚುತ್ತದೆ, ಇನ್ನೊಂದು ಅದೇ ಸ್ವರದ ಅಂಚನ್ನು ಸವರಿಕೊಂಡು ಬರುತ್ತದೆ. ಯಾರು ಯಾರೆಂದು ಮೊದಲಿಗೆ ಗೊತ್ತಾಗುತ್ತದೆ. ಮೂರ್ನಾಲ್ಕು ಸುತ್ತಾದ ಮೇಲೆ ಗೊತ್ತಾಗುವುದಿಲ್ಲ.

ಪೂರ್ವ–ಪಶ್ಚಿಮ ಸಂಗಮ ಎಂಬ ಹಣೆಪಟ್ಟಿಯಲ್ಲಿ ಬಂದ ಎಷ್ಟೋ ರೆಕಾರ್ಡುಗಳು ಕೇಳಲಾಗದಷ್ಟು ಸಪ್ಪೆ. ತಂಬೂರಿ ಒಂದು ಕಡೆ, ಡ್ರಮ್ಮು ಒಂದು ಕಡೆ, ಮಧ್ಯೆ ಫೋಟೋಕ್ಕೆ ನಿಂತಂಥ ನಗು. ‘ಕಿನ್ಸ್‌ಮೆನ್’ ಆ ಸಾಲಿಗೆ ಸೇರದಿರುವುದಕ್ಕೆ ಕಾರಣ, ಅಲ್ಲಿ ಇಬ್ಬರೂ ಪರಸ್ಪರ ಸೌಜನ್ಯ ತೋರುತ್ತ ಕೂರುವುದಿಲ್ಲ. ಜಗ್ಗಾಡುತ್ತಾರೆ.

ಅದೇ ವರ್ಷ ಬಂದ ‘ಆಪ್ತಿ’ಯಲ್ಲಿ ತಂಡ ಮೂರೇ ಜನಕ್ಕೆ ಇಳಿಯಿತು. ರೆಝ್ ಅಬ್ಬಾಸಿ ಗಿಟಾರ್, ಡ್ಯಾನ್ ವೈಸ್ ತಬಲಾ. ತಂಡದ ಹೆಸರಿನಲ್ಲೇ ಚೇಷ್ಟೆ: ಇಂಡೊ–ಪಾಕ್ ಕೋಅಲಿಷನ್. 2011ರಲ್ಲಿ ‘ಸಂಧಿ’, 2013ರಲ್ಲಿ ‘ಗಮಕ್’ ಬಂದವು. ಸ್ವಿಂಗ್ ಕಾಲದ ಮಾಸ್ಟರುಗಳು ಒಂದೇ ದೊಡ್ಡ ಬ್ಯಾಂಡನ್ನು ವರ್ಷಗಟ್ಟಲೆ ಸಾಕುತ್ತಿದ್ದರು. ಇಂದಿನ ಜಾಝ್‌ನಲ್ಲಿ ಅಷ್ಟು ಹಣವಿಲ್ಲ. ಹೀಗಾಗಿ ರುದ್ರೇಶ್ ಒಂದೊಂದು ಯೋಚನೆಗೆ ಒಂದೊಂದು ಪುಟ್ಟ ತಂಡ ಕಟ್ಟುತ್ತಾರೆ. ಅದು ಮುಗಿದ ಮೇಲೆ ಇನ್ನೊಂದು.

2015ರಲ್ಲಿ ಅವರು ಚಾರ್ಲಿ ಪಾರ್ಕರ್‌ನ ಬಳಿಗೆ ಮರಳಿದರು. ‘ಬರ್ಡ್ ಕಾಲ್ಸ್’ ಪಾರ್ಕರ್‌ನಿಗೆ ಸಲ್ಲಿಸಿದ ಗೌರವ, ಆದರೆ ಅದರಲ್ಲಿ ಪಾರ್ಕರ್‌ನ ಒಂದು ಹಾಡೂ ಇದ್ದದ್ದು ಇದ್ದಂತೆ ಇಲ್ಲ. ಅವನ ಸಂಯೋಜನೆಗಳಿಂದ ಒಂದು ಎಳೆ ತೆಗೆದು, ತಾಳ ಮುರಿದು, ಹಿಂದುಮುಂದು ಮಾಡಿ ಹೊಸ ಕೃತಿ ಕಟ್ಟಿದ್ದಾರೆ. ಹೆಸರುಗಳಲ್ಲೂ ಆಟ ನಿಲ್ಲುವುದಿಲ್ಲ. ಪಾರ್ಕರ್‌ನ ‘ನೌಸ್ ದ ಟೈಮ್’ ಎಂಬುದಕ್ಕೆ ರುದ್ರೇಶರ ಉತ್ತರ ‘ಮೇಬಿ ಲೇಟರ್’. ಈಗಲೇ ಸಮಯ ಎಂದವನಿಗೆ, ಆಮೇಲೆ ನೋಡೋಣ ತಡಿ ಎಂದಂತೆ. ಪಾರ್ಕರ್‌ನ ‘ಸ್ಟೀಪಲ್‌ಚೇಸ್’ನಲ್ಲಿ ಚರ್ಚಿನ ಶಿಖರವಿದೆ. ರುದ್ರೇಶರ ಕೃತಿಯ ಹೆಸರು ‘ಗೋಪುರಂ’. ಟ್ರಂಪೆಟ್ ಊದಿದ ಆ್ಯಡಂ ಒಫ್ಯಾರಿಲ್‌ಗೆ ಆಗಿನ್ನೂ ಇಪ್ಪತ್ತರ ಹರೆಯ. ಬೆಳೆದ ಮಾಸ್ಟರ್ ಎಳೆಯರನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳುವ ಪದ್ಧತಿ ಎಲಿಂಗ್ಟನ್, ಬೇಸಿ ಕಾಲದಿಂದ ಬಂದದ್ದು. ಮ್ಯಾಕ್‌ಶಾನ್ ಪಾರ್ಕರ್‌ನನ್ನು ನಿಲ್ಲಿಸಿಕೊಂಡದ್ದೂ ಹಾಗೆಯೇ. ಆ ವರ್ಷ ‘ಡೌನ್‌ಬೀಟ್’ ಪತ್ರಿಕೆಯ ವಿಮರ್ಶಕರು ಇದನ್ನೇ ವರ್ಷದ ಜಾಝ್ ಆಲ್ಬಂ ಎಂದು ಆರಿಸಿದರು. ಆಲ್ಟೊ ಸ್ಯಾಕ್ಸೋಫೋನ್ ವಿಭಾಗದಲ್ಲಂತೂ ರುದ್ರೇಶರ ಹೆಸರು ಆ ಪತ್ರಿಕೆಯ ಪಟ್ಟಿಯ ತುದಿಯಲ್ಲಿ ಹಲವು ಸಲ ಬಂದಿದೆ.

2016ರಿಂದ ಅವರು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಜಾಝ್ ವಿಭಾಗದ ನಿರ್ದೇಶಕರು. ಗೋಪಾಲನಾಥರು 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ತೀರಿಕೊಂಡರು. ಮರುವರ್ಷ ರುದ್ರೇಶ್ ‘ಹೀರೊ ಟ್ರಯೊ’ ಹೊರತಂದರು. ಫ್ರಾಂಸ್ವಾ ಮೂತಾಂ ಬೇಸ್, ರೂಡಿ ರಾಯ್‌ಸ್ಟನ್ ಡ್ರಮ್, ಸ್ಯಾಕ್ಸೋಫೋನ್ ಒಂದೇ. ತಮ್ಮ ಸಂಯೋಜನೆಗಳನ್ನು ಬದಿಗಿಟ್ಟು, ತಮ್ಮನ್ನು ಬೆಳೆಸಿದವರ ಹಾಡುಗಳನ್ನು ನುಡಿಸಿದ ಆಲ್ಬಂ ಅದು.

ಜಾಝ್ ಎಂದೂ ಕೇಳದವರು ‘ಕೋಡ್‌ಬುಕ್’ನಿಂದ ಶುರು ಮಾಡಬಾರದು, ತಲೆನೋವು ಬಂದೀತು. ಮೊದಲು ‘ಶೋಲಾ ಜೊ ಭಡಕೆ’ಯಲ್ಲಿ ಟ್ರಂಪೆಟ್ ಎಲ್ಲಿ ನಗುತ್ತದೆ ಎಂದು ಹುಡುಕಿ, ಆಮೇಲೆ ಕೌಂಟ್ ಬೇಸಿಯ ಯಾವುದಾದರೂ ಹಳೆಯ ರೆಕಾರ್ಡು ಕೇಳಬಹುದು. ಅಲ್ಲಿಂದ ನೇರವಾಗಿ ‘ಕಿನ್ಸ್‌ಮೆನ್’ನ ‘ಕಲ್ಯಾಣಿ’ಗೆ ಬಂದರೆ ನಡುವಿನ ಎಪ್ಪತ್ತರಷ್ಟು ವರ್ಷ ಅಷ್ಟೇನೂ ದೂರ ಅನಿಸುವುದಿಲ್ಲ. ‘ಮದರ್ ಟಂಗ್’ನ ‘ಕನ್ನಡ’ವನ್ನು ಮಾತ್ರ ಇಯರ್‌ಫೋನ್ ಹಾಕಿಕೊಂಡು ಎರಡು ಸಲ ಕೇಳಬೇಕು. ಮೊದಲ ಸಲ ಸಂಗೀತವಾಗಿ, ಎರಡನೆಯ ಸಲ ಪಕ್ಕದ ಸೀಟಿನವರು ಆಡುವ ಮಾತಾಗಿ.